ಚಿತ್ರ ವಿಚಿತ್ರವಾಗಿದೆ, ಆದರೆ ನಗು ಬರುತ್ತಿಲ್ಲ: ಎಲ್ಲಿ ತಪ್ಪುತ್ತಿದೆ?

ಕೈಬರಹ_ಬಳಗ (ಪ್ರಶ್ನೆ)

ಕಾಲೇಜಿನ ಕನ್ನಡ ಸಂಘಕ್ಕೆ 16 ಪುಟದ ಕೈಬರಹದ ಪತ್ರಿಕೆಯೊಂದು ಸಿದ್ಧವಾಗಬೇಕು. ಎ5 ಅಳತೆ, ಕಪ್ಪು-ಬಿಳುಪು, ಜೆರಾಕ್ಸ್‌ನಲ್ಲೇ 60 ಪ್ರತಿ. ವಿಷಯ ಅಸಂಗತ ಹಾಸ್ಯ: ತಲೆಬುಡವಿಲ್ಲದ ಚಿತ್ರ, ಕೆಳಗೆ ಒಂದೆರಡು ಸಾಲು. ಚಿತ್ರ ಬರೆಯುವವರು ಆರು ಜನ ಇದ್ದಾರೆ. ಈವರೆಗೆ ಬಂದಿರುವುದು ಮೂರು ಕಣ್ಣಿನ ಮೇಷ್ಟ್ರು, ರೆಕ್ಕೆ ಇರುವ ಸೈಕಲ್, ಮೋಡ ಮೇಯುವ ಎಮ್ಮೆ, ಇಂಥವು. ನೋಡಿದವರು "ಚೆನ್ನಾಗಿದೆ" ಅಂದು ಪುಟ ತಿರುಗಿಸುತ್ತಾರೆ. ನಗುವುದಿಲ್ಲ.

ತಿಳಿಯಬೇಕಾದದ್ದು ಇಷ್ಟು. ವಿಚಿತ್ರವಾದದ್ದು ನಗೆಯಾಗಲು ಏನು ಬೇಕು? ಕೆಳಗಿನ ಸಾಲು ಹೇಗಿರಬೇಕು? ಕಾಗದ ಮಡಚಿ ಒಬ್ಬೊಬ್ಬರು ಒಂದೊಂದು ಭಾಗ ಬರೆಯುವ ಆಟವನ್ನೂ ಸೇರಿಸುವ ಯೋಚನೆ ಇದೆ, ಆದರೆ ಬಿಡಿಸಿದಾಗ ಕಾಲು ಒಂದು ಕಡೆ, ಸೊಂಟ ಒಂದು ಕಡೆ ಹೋಗುತ್ತದೆ. ಜೆರಾಕ್ಸ್ ಮಾಡಿದರೆ ಸಣ್ಣ ಗೆರೆಗಳೆಲ್ಲ ಮಾಯ. ಬಲ್ಲವರು ದಯವಿಟ್ಟು ವಿವರವಾಗಿ ಹೇಳಿ.

ಮಸಿಕುಡಿಕೆ

ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಉಳಿದವೆಲ್ಲ ಅದರ ಮೇಲೆ ನಿಂತಿವೆ.

ನಿಮ್ಮ ಮೂರು ಕಣ್ಣಿನ ಮೇಷ್ಟ್ರು ಎಲ್ಲಿ ನಿಂತಿದ್ದಾರೆ? ಬಹುಶಃ ಖಾಲಿ ಹಾಳೆಯ ಮೇಲೆ. ಖಾಲಿ ಹಾಳೆಯಲ್ಲಿ ಏನು ಬೇಕಾದರೂ ನಡೆಯಬಹುದು ಅಂತ ನೋಡುವವರಿಗೆ ಗೊತ್ತು. ಹಾಗಾಗಿ ಮೂರು ಕಣ್ಣಲ್ಲ, ಮೂವತ್ತು ಕಣ್ಣು ಇಟ್ಟರೂ ಯಾವ ನಿಯಮವೂ ಮುರಿಯುವುದಿಲ್ಲ. ಮುರಿಯಬೇಕಾದರೆ ಮೊದಲು ನಿಯಮವನ್ನು ಕಟ್ಟಬೇಕು. ಚಿತ್ರದಲ್ಲಿ ಹತ್ತು ವಸ್ತುಗಳಿದ್ದರೆ ಒಂಬತ್ತು ತೀರಾ ಸರಿಯಾಗಿರಲಿ, ಒಂದೇ ಒಂದು ತಪ್ಪಿರಲಿ.

ಇಂಗ್ಲೆಂಡಿನ ಎಡ್ವರ್ಡ್ ಲಿಯರ್ ಅವರ ಅಸಂಬದ್ಧ ಚಿತ್ರಗಳನ್ನು ಇದೇ ದೃಷ್ಟಿಯಿಂದ ನೋಡಬೇಕು. ನಗೆಚಿತ್ರಕ್ಕೆ ಬರುವ ಮೊದಲು ಅವರು ಪಕ್ಷಿಗಳ ಚಿತ್ರಕಾರ. 1832ರ ಹೊತ್ತಿಗೆ, ಇನ್ನೂ ಇಪ್ಪತ್ತರ ವಯಸ್ಸಿನಲ್ಲೇ, ಗಿಳಿಗಳ 42 ಕಲ್ಲಚ್ಚು ಚಿತ್ರಗಳನ್ನು ಹೊರತಂದಿದ್ದರು. ಅವರ ಮೊದಲ ಅಸಂಬದ್ಧ ಪದ್ಯಗಳ ಪುಸ್ತಕ ಬಂದದ್ದು 1846ರಲ್ಲಿ. ಆಮೇಲೆ 1870ರ ದಶಕದಲ್ಲಿ ಇಲ್ಲದ ಗಿಡಗಳ ಚಿತ್ರ ಬರೆದಾಗ ದಂಟು, ಎಲೆ, ಎಲೆ ಹುಟ್ಟುವ ಗೆಣ್ಣು ಎಲ್ಲವನ್ನೂ ಸಸ್ಯಶಾಸ್ತ್ರದ ಪುಸ್ತಕದಲ್ಲಿರುವಂತೆಯೇ ಇಟ್ಟರು. ಬಾಗಿದ ದಂಟಿನಲ್ಲಿ ಗಂಟೆ ಹೂಗಳು ತೂಗಬೇಕಾದ ಜಾಗದಲ್ಲಿ ಮಾತ್ರ ಪುಟ್ಟ ಮನುಷ್ಯರು ತಲೆಕೆಳಗಾಗಿ ತೂಗುತ್ತಾರೆ. ಎಲೆಯನ್ನೂ ವಿಚಿತ್ರ ಮಾಡಿದ್ದರೆ ಅದು ಬರೀ ವಿನ್ಯಾಸವಾಗಿ ಉಳಿಯುತ್ತಿತ್ತು.

ಇನ್ನೊಂದು ಸಂಗತಿ: ತಪ್ಪು ವಸ್ತುವಿನಲ್ಲೇ ಇರಬೇಕೆಂದಿಲ್ಲ. 13ನೇ ಶತಮಾನದ ಕೊನೆ, 14ರ ಆರಂಭದ ಉತ್ತರ ಫ್ರಾನ್ಸಿನ ಹಸ್ತಪ್ರತಿಗಳ ಅಂಚಿನಲ್ಲಿ ಕವಚ ತೊಟ್ಟ ಯೋಧರು ಬಸವನಹುಳುವಿನ ಜೊತೆ ಕಾದಾಡುವ ಚಿತ್ರಗಳು ಮತ್ತೆ ಮತ್ತೆ ಬರುತ್ತವೆ. ಯೋಧ ಸರಿಯಾಗಿದ್ದಾನೆ. ಬಸವನಹುಳುವಿಗೆ ಹಲ್ಲಿಲ್ಲ, ಬೆಂಕಿ ಉಗುಳುವುದಿಲ್ಲ, ಅದೂ ಬಸವನಹುಳುವಾಗಿಯೇ ಇದೆ. ಕೆಲವು ಚಿತ್ರಗಳಲ್ಲಿ ಯೋಧ ಕತ್ತಿ ಕೆಳಗೆ ಹಾಕಿ ಕೈಮುಗಿಯುತ್ತಾನೆ, ಅದಷ್ಟೇ ತಪ್ಪು. ಎರಡು ಸರಿಯಾದ ವಸ್ತುಗಳ ನಡುವಿನ ಸಂಬಂಧ ತಪ್ಪಿದಾಗ ಹುಟ್ಟುವ ನಗೆ ಇದು, ಎಲ್ಲಕ್ಕಿಂತ ಗಟ್ಟಿ. ಚಿತ್ರ ಬರೆಯುವ ಕೈ ಸಾಧಾರಣವಾಗಿದ್ದರೂ ಇದು ಕೈಕೊಡುವುದಿಲ್ಲ.

ಬರೆಯುವ ಕ್ರಮ ಹೇಳುತ್ತೇನೆ. ನ್ಯಾಯಬೆಲೆ ಅಂಗಡಿಯ ಮುಂದೆ ಸಾಲು ಅಂತ ಇಟ್ಟುಕೊಳ್ಳಿ. 5×7 ಸೆಂಟಿಮೀಟರಿನ ಮೂರು ಪುಟ್ಟ ಚೌಕಗಳಲ್ಲಿ ಜನ ಎಲ್ಲೆಲ್ಲಿ ನಿಲ್ಲುತ್ತಾರೆ ಅನ್ನುವುದನ್ನು ಮಾತ್ರ ಗೀಚಿ, ಒಂದನ್ನು ಆರಿಸಿ. ಆಮೇಲೆ ದೊಡ್ಡ ಹಾಳೆಯಲ್ಲಿ ಎಚ್‌ಬಿ ಪೆನ್ಸಿಲ್‌ನಿಂದ ಇಡೀ ದೃಶ್ಯವನ್ನು ಯಾವ ತಮಾಷೆಯೂ ಇಲ್ಲದೆ ಮುಗಿಸಿ: ತಕ್ಕಡಿ, ಮೂಟೆ, ದರಪಟ್ಟಿಯ ಹಲಗೆ, ತಮ್ಮ ಸರದಿಗೆ ಗುರುತಾಗಿ ಸಾಲಿನಲ್ಲಿ ಇಟ್ಟು ಹೋದ ಚೀಲ ಮತ್ತು ಕಲ್ಲು. ಇವನ್ನು ನೆನಪಿನಿಂದ ಬರೆಯಬೇಡಿ, ಹೋಗಿ ನೋಡಿ ಬನ್ನಿ. ಇಷ್ಟಾದ ಮೇಲೆ ಸಾಲಿನ ನಾಲ್ಕನೆಯವರನ್ನು ಅಳಿಸಿ ಅಲ್ಲೊಂದು ತೆಂಗಿನಮರ ನಿಲ್ಲಿಸಿ, ಒಂದು ಗರಿಗೆ ಕೈಚೀಲ ತೂಗುಹಾಕಿ.

ಇಲ್ಲಿ ಕೆಡುವುದು ಎರಡು ಕಡೆ. ಒಂದು, ಮರಕ್ಕೆ ಕಣ್ಣು, ಬಾಯಿ, ಕನ್ನಡಕ ಹಾಕಿಬಿಡುವುದು. ಆಗ ಅದು ಮಕ್ಕಳ ಕಥೆಯ ಮರ, ಮಾತಾಡಿದರೂ ಸಹಜವೇ. ಎರಡು, ಸುತ್ತಲಿನವರನ್ನು ಬೆರಗಾಗಿಸುವುದು. ಚಿತ್ರದೊಳಗಿನವರು ಬೆರಗಾದರೆ ನೋಡುವವರ ಪಾಲಿನ ಬೆರಗನ್ನು ಅವರೇ ಖರ್ಚು ಮಾಡಿಬಿಟ್ಟಂತೆ. ಐದನೆಯವರಿಗೆ ಮರ ಅಡ್ಡ ಬಂದು ಮುಂದೆ ಕಾಣುತ್ತಿಲ್ಲ ಅನ್ನುವ ಬೇಸರ ಸಾಕು. ಕುತ್ತಿಗೆ ಒಂದಿಷ್ಟು ಓರೆ ಮಾಡಿ ನೋಡುತ್ತಿರಲಿ.

ನಿಮ್ಮ ಎಮ್ಮೆಯನ್ನು ಬಿಸಾಡಬೇಡಿ. ಮೋಡ ಮೇಯುವ ಎಮ್ಮೆಯನ್ನು ಆಕಾಶದಿಂದ ಇಳಿಸಿ, ಕೊಟ್ಟಿಗೆಯಲ್ಲಿ ಗೂಟಕ್ಕೆ ಕಟ್ಟಿ. ಗೋದಲಿಯಲ್ಲಿ ಹುಲ್ಲಿನ ಬದಲು ಮೋಡ ಇರಲಿ, ಪಕ್ಕದಲ್ಲಿ ಕುಡುಗೋಲು ಹಿಡಿದವರು ಇನ್ನೊಂದು ಹೊರೆ ಮೋಡ ತಲೆಮೇಲೆ ಹೊತ್ತು ಬರುತ್ತಿರಲಿ.

ಪದಬೆಸುಗೆ

ಮಸಿಕುಡಿಕೆಯವರ ಮಾತೇ ಅಡಿಬರಹಕ್ಕೂ ಸಲ್ಲುತ್ತದೆ. ಚಿತ್ರದಲ್ಲಿ ಕಾಣುವುದನ್ನು ಸಾಲು ಮತ್ತೆ ಹೇಳಬಾರದು. "ಅಯ್ಯೋ, ತೆಂಗಿನಮರವೂ ಕ್ಯೂನಲ್ಲಿದೆ!" ಅಂತ ಬರೆದರೆ ಎಲ್ಲ ಮುಗಿಯಿತು. ಆಶ್ಚರ್ಯಸೂಚಕ ಚಿಹ್ನೆಯನ್ನು ಇಡೀ ಪತ್ರಿಕೆಯಿಂದಲೇ ದೂರವಿಡಿ. ಸಾಲು ಆ ವಿಚಿತ್ರವನ್ನು ಆಗಲೇ ಒಪ್ಪಿಕೊಂಡು, ಅದರಿಂದ ಮುಂದೆ ಹುಟ್ಟುವ ಸಣ್ಣ ತೊಡಕಿನ ಬಗ್ಗೆ ಮಾತಾಡಬೇಕು:

"ಹೆಬ್ಬೆರಳಿನ ಗುರುತು ಹೊಂದಾಣಿಕೆಯಾಗದ ಕಾರಣ ಸದರಿಯವರು ನಾಳೆ ಬರತಕ್ಕದ್ದು."

ಕನ್ನಡದಲ್ಲಿ ಇದಕ್ಕೆ ಒದಗುವ ಸಿದ್ಧ ಧಾಟಿಗಳು ಬೇಕಾದಷ್ಟಿವೆ. ಕಚೇರಿಯ ಸುತ್ತೋಲೆಯದು ("ಸದರಿ", "ತಕ್ಕದ್ದು", "ಈ ಮೂಲಕ"), ಪಂಚಾಂಗದ್ದು, ಅಡುಗೆ ಅಂಕಣದ್ದು, ಲಗ್ನಪತ್ರಿಕೆಯದು. ಧಾಟಿ ಆರಿಸಿಕೊಂಡ ಮೇಲೆ ಅದರ ನಿಯಮ ತಪ್ಪಬಾರದು. ಮನೆಯೊಂದು ಮೂಟೆಮುಡಿ ಕಟ್ಟಿಕೊಂಡು ಬಸ್ ನಿಲ್ದಾಣದಲ್ಲಿ ಕೂತಿದೆ, ಹೋಗಬೇಕಾದದ್ದು ತೆಂಕಣಕ್ಕೆ ಅನ್ನಿ. ಕೆಳಗೆ: "ಗುರುವಾರ ದಕ್ಷಿಣಕ್ಕೆ ವಾರಶೂಲೆ. ಪ್ರಯಾಣ ಶುಕ್ರವಾರಕ್ಕೆ." ವಾರಶೂಲೆ ಅಂದರೆ ಆ ವಾರ ಆ ದಿಕ್ಕಿಗೆ ಹೊರಡಬಾರದು ಅನ್ನುವ ಲೆಕ್ಕ. ಪಂಚಾಂಗ ಬಲ್ಲ ಅಜ್ಜ ಓದಿದರೂ ಸರಿ ಅನ್ನಬೇಕು. ಗುರುವಾರದ ಬದಲು ಬುಧವಾರ ಅಂತ ಬರೆದರೆ ಎರಡನೇ ತಪ್ಪು ಹೊಕ್ಕಿತು, ಯಾಕೆಂದರೆ ಬುಧವಾರದ ಶೂಲೆ ಉತ್ತರಕ್ಕೆ. ಉದ್ದ ಹನ್ನೆರಡು ಪದ ದಾಟದಿರಲಿ. ನಗೆಯ ಪದ ವಾಕ್ಯದ ಕೊನೆಗೆ ಬರಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇದು ಸುಲಭ: "ನಾಳೆ ಬರತಕ್ಕದ್ದು" ವಾಕ್ಯದ ಬಾಲದಲ್ಲಿರುವುದಕ್ಕೇ ಮರ ಪಾಪ ವಾಪಸು ನಡೆಯುವುದು ಕಣ್ಣಿಗೆ ಬರುತ್ತದೆ.

ನಿಮ್ಮ ಪಟ್ಟಿಯಲ್ಲಿ ಕೂಡುಪ್ರಾಣಿ (ಎರಡು ಪ್ರಾಣಿ ಸೇರಿ ಒಂದಾದದ್ದು) ಇಲ್ಲ. ಎರಡು ಪುಟ ಅದಕ್ಕೆ ಕೊಡಿ. ಬಂಗಾಳಿಯಲ್ಲಿ ಸುಕುಮಾರ ರಾಯ್ ಇದನ್ನು ಮಾಡಿದ ರೀತಿ ಕಲಿಯುವಂಥದ್ದು. 1923ರಲ್ಲಿ, ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಹೊರಬಂದ 'ಆಬೋಲ್ ತಾಬೋಲ್' ಪದ್ಯಸಂಕಲನಕ್ಕೆ ಚಿತ್ರಗಳೂ ಅವರವೇ. ಅಲ್ಲಿ 'ಹಾಂಸ್' ಅಂದರೆ ಬಾತು, 'ಸಜಾರು' ಅಂದರೆ ಮುಳ್ಳುಹಂದಿ. ನಡುವಿನ 'ಸ' ಎರಡಕ್ಕೂ ಸೇರಿದ್ದು, ಆದ್ದರಿಂದ 'ಹಾಂಸಜಾರು'. ಮೊದಲ ಪದದ ಕೊನೆಯ ಅಕ್ಷರವೇ ಎರಡನೆಯದರ ಮೊದಲ ಅಕ್ಷರ, ಗುಟ್ಟು ಅಷ್ಟೇ. ಕನ್ನಡದಲ್ಲೂ ಸಿಗುತ್ತವೆ:

ಗೂಬೆ, ಬೆಕ್ಕು: ಗೂಬೆಕ್ಕು.
ಕಾಗೆ, ಗೆದ್ದಲು: ಕಾಗೆದ್ದಲು.
ಜಿಂಕೆ, ಕೆಂಬೂತ: ಜಿಂಕೆಂಬೂತ.
ಆಮೆ, ಮೇಕೆ: ಆಮೇಕೆ.
ಹಂಸ, ಸಾರಂಗ: ಹಂಸಾರಂಗ.

ಆನೆ, ಹುಲಿ ಸೇರಿಸಿ 'ಆನೆಹುಲಿ' ಅಂದರೆ ಬೆಸುಗೆಯೇ ಇಲ್ಲ, ಎರಡು ಪದ ಪಕ್ಕಪಕ್ಕ ನಿಂತಿವೆ ಅಷ್ಟೇ, ನಗು ಬರುವುದಿಲ್ಲ. ಚಿತ್ರದಲ್ಲೂ ಇದೇ ನಿಯಮ. ಎರಡು ಪದಕ್ಕೂ ಸೇರಿದ ಅಕ್ಷರ ಇರುವಂತೆ ಎರಡು ಪ್ರಾಣಿಗೂ ಸೇರಿದ ಒಂದು ಅಂಗ ಇರಬೇಕು. ಗೂಬೆಗೂ ಬೆಕ್ಕಿಗೂ ಕಣ್ಣು ಮುಂದಕ್ಕಿವೆ, ಕೊಂಬಿನ ಗೂಬೆಯ ಕಿವಿಗರಿ ಬೆಕ್ಕಿನ ಕಿವಿಯಂತೆಯೇ ನಿಲ್ಲುತ್ತದೆ. ಹಾಗಾಗಿ ತಲೆಯಲ್ಲಿ ಬೆಸೆಯಿರಿ. ಮಳೆಗಾಲದ ಗೆದ್ದಲಿಗೆ ರೆಕ್ಕೆ ಇದೆ, ಕಾಗೆಗೂ ಇದೆ, ಅಲ್ಲಿ ರೆಕ್ಕೆಯೇ ಬೆಸುಗೆ. ಹಂಸಾರಂಗಕ್ಕೆ ಕುತ್ತಿಗೆ.

ಬೆಸುಗೆ ಕಾಣದಂತೆ ಮಾಡುವುದನ್ನು ಕಲಿಯಬೇಕಾದರೆ ಹೊಯ್ಸಳ ಗುಡಿಗಳ ಮಕರವನ್ನು ನೋಡಿ. ಬೇಲೂರು, ಹಳೇಬೀಡು, ಸೋಮನಾಥಪುರ, ಎಲ್ಲಿಯಾದರೂ ಸರಿ. ಅದು ನಗೆಗಾಗಿ ಕೆತ್ತಿದ್ದಲ್ಲ, ಆದರೆ ಕೂಡಿಸುವ ವಿದ್ಯೆಗೆ ಅದಕ್ಕಿಂತ ದೊಡ್ಡ ಪಾಠವಿಲ್ಲ. ಮುಂದೆ ಆನೆಯ ಸೊಂಡಿಲು, ಹಿಂದೆ ನವಿಲಿನ ಬಾಲದಂತೆ ಬಿಚ್ಚಿಕೊಳ್ಳುವ ಸುರುಳಿ. ನಡುವೆ ಬೆನ್ನಿನ ಗೆರೆ ಎಲ್ಲೂ ತುಂಡಾಗುವುದಿಲ್ಲ. ನೀವೂ ಮೊದಲು ಮೂಗಿನಿಂದ ಬಾಲದವರೆಗೆ ಒಂದೇ ಗೆರೆ ಎಳೆದು, ಆಮೇಲೆ ಅಂಗಗಳನ್ನು ತುಂಬಿ. ತಲೆ ಬೇರೆ, ಮೈ ಬೇರೆ ಬರೆದು ಕುತ್ತಿಗೆಯಲ್ಲಿ ಅಂಟಿಸಲು ಹೋದರೆ ಮುಖವಾಡ ಹಾಕಿದಂತೆ ಕಾಣುತ್ತದೆ.

ಮಡಿಕೆ_ಹಾಳೆ

ಮಡಿಕೆ ಆಟದ ಬಗ್ಗೆ. ಇದು 1925ರ ಸುಮಾರಿಗೆ ಪ್ಯಾರಿಸ್ಸಿನ ರ್ಯೂ ದ್ಯು ಶಾತೋ ಬೀದಿಯ 54ನೇ ನಂಬರಿನ ಮನೆಯಲ್ಲಿ ಅತಿವಾಸ್ತವವಾದಿಗಳು (ಕನಸಿನಂಥ, ತರ್ಕಕ್ಕೆ ಸಿಗದ ಕಲೆ ಮಾಡುತ್ತಿದ್ದವರು) ಆಡಲು ತೊಡಗಿದ ಆಟ. ಆಂದ್ರೆ ಬ್ರೆತೋನ್, ಈವ್ ತಾಂಗಿ, ಝಾಕ್ ಪ್ರೆವೆರ್ ಮುಂತಾದವರಿದ್ದರು. ಮೊದಲು ಆಡಿದ್ದು ಪದಗಳಲ್ಲಿ. ಹಾಗೆ ಹುಟ್ಟಿದ ಒಂದು ವಾಕ್ಯದಲ್ಲಿ "ಸೊಗಸಾದ ಶವ" ಹೊಸ ದ್ರಾಕ್ಷಾರಸ ಕುಡಿಯುತ್ತದೆ. ಆಟಕ್ಕೆ ಅದೇ ಹೆಸರಾಯಿತು. ಚಿತ್ರ ಆಮೇಲೆ ಬಂತು.

ಕಾಲು-ಸೊಂಟ ಹೊಂದದಿರಲು ಒಂದೇ ಕಾರಣ: ಮಡಿಕೆ ದಾಟಿ ಬರುವ ಗೆರೆಗಳ ಜಾಗವನ್ನು ಮೊದಲೇ ಗೊತ್ತುಮಾಡಿಲ್ಲ. ಎ4 ಹಾಳೆಯ ಉದ್ದ 297 ಮಿಲಿಮೀಟರ್. ನಾಲ್ಕು ಸಮಭಾಗ ಮಾಡಿದರೆ ಒಂದೊಂದು ಸುಮಾರು 74: ತಲೆ, ಎದೆ-ತೋಳು, ಸೊಂಟ-ತೊಡೆ, ಮೊಣಕಾಲಿನಿಂದ ಕೆಳಗೆ. ಒಂದು ರಟ್ಟಿನ ಪಟ್ಟಿ ಕತ್ತರಿಸಿಕೊಂಡು ಅದರಿಂದ ಆರೂ ಹಾಳೆಗಳ ಮೇಲೆ ಒಂದೇ ಜಾಗದಲ್ಲಿ ಗುರುತು ಹಾಕಿ. ಕುತ್ತಿಗೆಯ ಮಡಿಕೆಯಲ್ಲಿ ನಟ್ಟನಡುವೆ 30 ಮಿಲಿಮೀಟರ್ ಅಂತರದ ಎರಡು ಚುಕ್ಕೆ, ಸೊಂಟದಲ್ಲಿ 60 ಅಂತರದ ಎರಡು, ಮೊಣಕಾಲಿನಲ್ಲಿ ನಾಲ್ಕು ಚುಕ್ಕೆ, ಒಂದೊಂದು ಕಾಲಿಗೆ ಎರಡು. ಪ್ರತಿಯೊಬ್ಬರೂ ತಮ್ಮ ಭಾಗದ ಗೆರೆಗಳನ್ನು ಈ ಚುಕ್ಕೆಗಳಿಗೆ ತಂದು, ಮಡಿಕೆಯ ಆಚೆಗೆ 4 ಮಿಲಿಮೀಟರ್ ಚಾಚಿ ನಿಲ್ಲಿಸಬೇಕು. ಮುಂದಿನವರಿಗೆ ಕಾಣುವುದು ಆ ತುದಿಗಳು ಮಾತ್ರ.

ಆರು ಜನ, ಆರು ಹಾಳೆ ಒಟ್ಟಿಗೆ ಹೊರಡಲಿ. ಒಂದು ಭಾಗಕ್ಕೆ 5 ನಿಮಿಷ. ಬರೆದ ಭಾಗವನ್ನು ಹಿಂದಕ್ಕೆ ಮಡಚಿ ಬಲಗಡೆಯವರಿಗೆ ಕೊಡಿ. ನಾಲ್ಕು ಸುತ್ತಿಗೆ 20 ನಿಮಿಷದಲ್ಲಿ ಆರು ಚಿತ್ರ ಮುಗಿಯುತ್ತವೆ, ಯಾರಿಗೂ ಒಂದೇ ಹಾಳೆ ಎರಡು ಸಲ ಬರುವುದಿಲ್ಲ. ಸ್ಕೆಚ್ ಪೆನ್ ಬೇಡ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ತೆಳು ಹಾಳೆಯಲ್ಲಿ ಹಿಂದಕ್ಕೆ ಇಳಿದು ಗುಟ್ಟು ರಟ್ಟಾಗುತ್ತದೆ. 100 ಜಿಎಸ್‌ಎಂ ಹಾಳೆ, ಮೆತ್ತಗಿನ 2ಬಿ ಪೆನ್ಸಿಲ್ ಸರಿ. ಗಟ್ಟಿ ಪೆನ್ಸಿಲ್ ಒತ್ತಿ ಬರೆದರೆ ಮಡಿಕೆಯ ಅಡಿಯ ಭಾಗಕ್ಕೆ ಗೀರು ಬೀಳುತ್ತದೆ.

ಇನ್ನೊಂದು ತೊಂದರೆ: ನಾಲ್ವರೂ ವಿಚಿತ್ರ ಮಾಡಲು ಹೊರಟರೆ ಮಸಿಕುಡಿಕೆಯವರು ಹೇಳಿದ ಆ ಖಾಲಿ ಹಾಳೆಯ ಗತಿಯೇ. ಹಾಗಾಗಿ ನಿಯಮ ಹೀಗಿರಲಿ: ತಲೆಯಲ್ಲಿ ಬೇರೆ ಯಾವುದಾದರೂ ವಸ್ತು ಬರಬಹುದು (ಕುಕ್ಕರ್, ಟಪಾಲು ಡಬ್ಬಿ, ಹಲಸಿನಹಣ್ಣು), ಉಳಿದ ಮೂರರಲ್ಲಿ ಒಂದೊಂದು ಭಾಗಕ್ಕೂ ಯಾವುದೋ ಒಂದು ಕಸುಬಿನವರ ಸರಿಯಾದ ಉಡುಪು, ಸರಿಯಾದ ಸಲಕರಣೆ. ಆಗ ಕುಕ್ಕರ್ ತಲೆ, ವಕೀಲರ ಕೋಟು, ಬಿಗಿದು ಕಟ್ಟಿದ ಲುಂಗಿ, ಗದ್ದೆಯ ಕೆಸರು ಮೆತ್ತಿದ ಕಾಲು ಹೀಗೆ ಸಿಗುತ್ತದೆ. ಆರರಲ್ಲಿ ಒಂದು ಅಥವಾ ಎರಡನ್ನು ಮಾತ್ರ ಆರಿಸಿ. ಬಿಡಿಸಿದ ತಕ್ಷಣ ಆಡಿದವರೆಲ್ಲ ನಗುತ್ತಾರೆ, ಅದನ್ನು ನಂಬಬೇಡಿ. ಆಟ ಆಡದವರಿಗೆ ತೋರಿಸಿ, ಅವರೂ ನಕ್ಕದ್ದನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಹೊಸ ಹಾಳೆಗೆ ತೆಗೆಯಿರಿ. ಆ ವ್ಯಕ್ತಿಯನ್ನು ಒಂದು ನ್ಯಾಯಾಲಯದ ಮೊಗಸಾಲೆಯಲ್ಲೋ ಬಸ್ಸಿನ ಕಂಬದ ಪಕ್ಕದಲ್ಲೋ ನಿಲ್ಲಿಸಿ.

ಗಾಲಿರಾಟೆ

ನಡುವಿನ ಎರಡು ಪುಟಕ್ಕೆ ಒಂದು ಯಂತ್ರ ಬರೆಯಿರಿ. ಸಣ್ಣ ಕೆಲಸಕ್ಕೆ ದೊಡ್ಡ ಏರ್ಪಾಡು. ಅಮೆರಿಕದ ರೂಬ್ ಗೋಲ್ಡ್‌ಬರ್ಗ್ ಇದಕ್ಕೆ ಹೆಸರಾದವರು. ಓದಿದ್ದು ಎಂಜಿನಿಯರಿಂಗ್, 1904ರಲ್ಲಿ ಪದವಿ ಪಡೆದು ಸ್ಯಾನ್ ಫ್ರಾನ್ಸಿಸ್ಕೋದ ನೀರು-ಒಳಚರಂಡಿ ಇಲಾಖೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿದ್ದರು. 1931ರ ಅವರ ಒಂದು ಚಿತ್ರದಲ್ಲಿ ಸೂಪಿನ ಚಮಚ ಎತ್ತಿದರೆ ದಾರ ಎಳೆದು, ಗಿಳಿ ಬಿಸ್ಕತ್ತಿಗೆ ಹಾರಿ, ಏನೇನೋ ಆಗಿ ಕೊನೆಗೆ ಕೈವಸ್ತ್ರ ತಾನೇ ಬಾಯಿ ಒರೆಸುತ್ತದೆ. ಒಂದೊಂದು ಹೆಜ್ಜೆಯೂ ನಡೆಯಬಲ್ಲದ್ದು, ಒಟ್ಟು ಮಾತ್ರ ಹುಚ್ಚು. ಅದೇ ಇದರ ಶಕ್ತಿ.

ಉದಾಹರಣೆಗೆ ಹಾಲು ಉಕ್ಕದಂತೆ ತಡೆಯುವ ಯಂತ್ರ: ಹಾಲಿನ ಆವಿಗೆ ಕಾಗದದ ಗಿರಿಗಿಟ್ಟಲೆ (ಕ) ತಿರುಗುತ್ತದೆ, ಅದರ ಅಚ್ಚಿಗೆ ದಾರ (ಖ) ಸುತ್ತಿಕೊಳ್ಳುತ್ತದೆ, ದಾರ ಮಂಡಕ್ಕಿ ಚೀಲದ ಗಂಟು (ಗ) ಬಿಚ್ಚುತ್ತದೆ, ಮಂಡಕ್ಕಿ ಕಂಡ ಕೋಳಿ (ಚ) ಹಲಗೆಯಿಂದ ಕೆಳಗೆ ಹಾರುತ್ತದೆ, ಕೋಳಿಯ ಭಾರ ಹೋದ ಹಲಗೆಯ (ಜ) ಇನ್ನೊಂದು ತುದಿಯ ಸೋರೆಕಾಯಿ (ಟ) ಕೆಳಗಿಳಿದು ಹಗ್ಗ (ತ) ಎಳೆಯುತ್ತದೆ, ಹಗ್ಗ ಒಲೆಯ ತಿರುಪು ಆರಿಸುತ್ತದೆ.

ಏಳು ಹೆಜ್ಜೆ ಸಾಕು, ಹತ್ತು ದಾಟಿದರೆ ಓದುವವರು ಅಕ್ಷರ ಹುಡುಕುವುದರಲ್ಲೇ ದಣಿಯುತ್ತಾರೆ. ಹಾಲಿನ ನೊರೆ ಸೌಟನ್ನು ಎತ್ತುತ್ತದೆ ಅಂತ ಬರೆದರೆ ಕೆಡುತ್ತದೆ, ನೊರೆಗೆ ಅಷ್ಟು ಬಲವಿಲ್ಲ ಅನ್ನುವುದು ಅಡುಗೆಮನೆ ಕಂಡ ಎಲ್ಲರಿಗೂ ಗೊತ್ತು. ಹಲಗೆಯ ಲೆಕ್ಕವನ್ನೂ ನೋಡಿ: ಕೋಳಿ 2 ಕಿಲೋ, ಸೋರೆಕಾಯಿ 1 ಕಿಲೋ, ಹಲಗೆಯ ಆಧಾರ ನಟ್ಟನಡುವೆ. ಕೋಳಿ ಇರುವ ತನಕ ಅದರ ಕಡೆ ತಗ್ಗು, ಹಾರಿದ ಮೇಲೆ ಸೋರೆಕಾಯಿ ಕಡೆ ತಗ್ಗು. ಚಿತ್ರದಲ್ಲಿ ಕೋಳಿ ಎತ್ತರದ ತುದಿಯಲ್ಲಿ ಕೂತಿದ್ದರೆ ಯಂತ್ರ ಅಲ್ಲೇ ಸತ್ತಿತು. ಹಗ್ಗದ ಪ್ರತಿ ಗಂಟನ್ನೂ, ರಾಟೆಯ ಪ್ರತಿ ಮೊಳೆಯನ್ನೂ ಬರೆಯಿರಿ.

ಗುರುತಿನ ಅಕ್ಷರಗಳಲ್ಲಿ ಘ, ಛ, ಝ ಬಿಟ್ಟದ್ದು ಬೇಕಂತಲೇ. ಸಣ್ಣದಾಗಿ ಜೆರಾಕ್ಸ್ ಆದಾಗ ಕೆಳಗಿನ ಸೀಳುಗೆರೆ ಅಳಿಸಿಹೋಗಿ ಛ ಅನ್ನುವುದು ಚ ಆಗುತ್ತದೆ.

ಕೈಬರಹ_ಬಳಗ

ಎಲ್ಲರಿಗೂ ನಮಸ್ಕಾರ, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಮ್ಮೆ ಕೊಟ್ಟಿಗೆಗೆ ಹೋಗುತ್ತದೆ. ಪದಬೆಸುಗೆಯವರೇ, ಚಿತ್ರ ಮೊದಲೋ ಸಾಲು ಮೊದಲೋ? ಬಳಗದಲ್ಲಿ ಬರೆಯುವವರು, ಚಿತ್ರ ಬಿಡಿಸುವವರು ಬೇರೆಬೇರೆ.

ಪದಬೆಸುಗೆ

ಚಿತ್ರ ಮೊದಲು. ಸಾಲು ಮೊದಲೇ ಸಿದ್ಧವಿದ್ದರೆ ಚಿತ್ರ ಅದರ ವಿವರಣೆಯಾಗಿಬಿಡುತ್ತದೆ. ಹನ್ನೆರಡು ಚಿತ್ರ ಆದ ಮೇಲೆ ಒಂದೊಂದಕ್ಕೂ ಎರಡೆರಡು ಸಾಲು ಚೀಟಿಯಲ್ಲಿ ಬರೆಸಿ, 24 ಚೀಟಿ ಆಗುತ್ತವೆ. ಅವನ್ನು ಕಲಸಿ ಬೇರೆ ಬೇರೆ ಚಿತ್ರಗಳ ಕೆಳಗೆ ಇಟ್ಟು ನೋಡಿ. ಮೂರು ನಾಲ್ಕು ಕಡೆಯಾದರೂ ಬೇರೆ ಚಿತ್ರಕ್ಕೆ ಬರೆದ ಸಾಲು ಇಲ್ಲಿ ಚೆನ್ನಾಗಿ ಕೂರುತ್ತದೆ, ಅದನ್ನೇ ಇಟ್ಟುಕೊಳ್ಳಿ. 'ಕೊರವಂಜಿ'ಯ ಹಳೆಯ ಸಂಚಿಕೆಗಳು ಗ್ರಂಥಾಲಯದಲ್ಲಿ ಸಿಕ್ಕರೆ ಚಿತ್ರ-ಸಾಲು ಹೊಂದುವ ಬಗೆಯನ್ನು ಗಮನಿಸಿ. 1942ರಲ್ಲಿ ಡಾ. ಎಂ. ಶಿವರಾಂ ('ರಾಶಿ') ಶುರುಮಾಡಿದ ನಗೆ ಮಾಸಪತ್ರಿಕೆ ಅದು, ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದಿದ್ದಾರೆ.

ಜೆರಾಕ್ಸ್_ಮೂಲೆ

ಗೆರೆ ಮಾಯವಾಗದಿರಲು ಮೂಲ ಚಿತ್ರವನ್ನು ಎ4ನಲ್ಲಿ ಬರೆದು ಶೇ. 71ಕ್ಕೆ ಇಳಿಸಿ, ಸರಿಯಾಗಿ ಎ5 ಆಗುತ್ತದೆ. 0.5 ಮಿಲಿಮೀಟರಿನ ಪೆನ್ನಿನ ಗೆರೆ 0.35 ಆಗಿ ಉಳಿಯುತ್ತದೆ, 0.1ರದ್ದು ಉಳಿಯುವುದಿಲ್ಲ. ಹೊರಗೆರೆಗೆ 0.8, ಒಳವಿವರಕ್ಕೆ 0.5, ನೆರಳಿನ ಗೀಟುಗಳಿಗೆ 0.3. ಗೀಟುಗಳ ನಡುವೆ ಮೂಲದಲ್ಲಿ 1.5 ಮಿಲಿಮೀಟರ್ ಬಿಡಿ, ಇಲ್ಲದಿದ್ದರೆ ಕೂಡಿಕೊಂಡು ಕಪ್ಪು ತೇಪೆಯಾಗುತ್ತದೆ. ಪೆನ್ಸಿಲ್ ನೆರಳು ಬೇಡವೇ ಬೇಡ. ಅಕ್ಷರದ ಎತ್ತರ ಮೂಲದಲ್ಲಿ 5 ಮಿಲಿಮೀಟರ್ ಇರಲಿ, ಒತ್ತಕ್ಷರಕ್ಕೆ ಕೆಳಗೆ ಇನ್ನೊಂದು 3 ಬಿಡಿ. ಕತ್ತರಿಸಿ ಅಂಟಿಸಿದ ಚೀಟಿಯ ಅಂಚು ಪ್ರತಿಯಲ್ಲಿ ಗೆರೆಯಾಗಿ ಬರುತ್ತದೆ, ಅಂಚಿಗೆಲ್ಲ ವೈಟ್ನರ್ ಸವರಿ. ಯಂತ್ರ ಸುತ್ತಲೂ 4-5 ಮಿಲಿಮೀಟರ್ ಮುದ್ರಿಸದೆ ಬಿಡುವುದರಿಂದ ಪ್ರತಿ ಪುಟಕ್ಕೂ 8 ಮಿಲಿಮೀಟರ್ ಅಂಚು ಇಡಿ.

16 ಪುಟಕ್ಕೆ ಎರಡೂ ಮಗ್ಗುಲು ಮುದ್ರಿಸಿದ ನಾಲ್ಕು ಎ4 ಹಾಳೆ. ಒಂದೇ ಮಗ್ಗುಲಿನ ಎರಡು ಪುಟಸಂಖ್ಯೆ ಕೂಡಿದರೆ ಯಾವಾಗಲೂ 17 ಬರಬೇಕು: 16-1, ಅದರ ಬೆನ್ನಿಗೆ 2-15. ಆಮೇಲೆ 14-3, 4-13. 12-5, 6-11. ಕೊನೆಗೆ 10-7, 8-9. ಗಾಲಿರಾಟೆಯವರ ಯಂತ್ರ 8-9ಕ್ಕೇ ಬರಬೇಕು, ಎರಡು ಪುಟ ಒಂದೇ ಹಾಳೆಯಲ್ಲಿ ಕೂಡಿರುವ ಎದುರುಬದುರು ಪುಟಗಳು ಅವು ಮಾತ್ರ. ಆದರೆ ಮಡಿಕೆಯ ಮೇಲೆ ಕೋಳಿ ಬರದಂತೆ ನೋಡಿಕೊಳ್ಳಿ, ಪಿನ್ನು ಹೊಡೆಯುವುದು ಅಲ್ಲೇ. ಹಗ್ಗ ದಾಟಿದರೆ ಅಡ್ಡಿಯಿಲ್ಲ. 60 ಪ್ರತಿಗೆ 240 ಹಾಳೆ, ಹಾಳಾಗುವುದಕ್ಕೂ ಸೇರಿಸಿ 500ರ ಒಂದು ಕಟ್ಟು ತನ್ನಿ. ಮೊದಲು ಒಂದೇ ಪ್ರತಿ ತೆಗೆಸಿ, ಮಡಚಿ, ಪಿನ್ನು ಹೊಡೆದು, ಪುಟ ತಿರುಗಿಸಿ ನೋಡಿದ ಮೇಲೆ ಉಳಿದ 59.